ಮೇವಿನ ಗುಂಡಿ ಬಿಸಿಯಾದರೆ ಗಾಳಿಗೆ ಹೋಗೋದು ಏನು? ಸೈಲೇಜ್, ಉಷ್ಣಾಂಶ ಮತ್ತು ಹಸಿರುಮನೆ ಅನಿಲದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕಿಕೊಂಡು ಕೂತಿದ್ದರೆ, ಇವತ್ತು ಅಡುಗೆಮನೆಯ ಒಂದು ಪ್ರಶ್ನೆಯಿಂದ ಶುರು ಮಾಡೋಣ. ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರಾಗಿರುತ್ತೆ. ಪಾತ್ರೆಯಲ್ಲಿ ಮಟ್ಟ ಮಾತ್ರ ಏರಿರಲ್ಲ. ಅದೇ ಇಡ್ಲಿ ಹಿಟ್ಟು ರುಬ್ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಉಬ್ಬಿ ಮುಚ್ಚಳ ಎತ್ತಿರುತ್ತೆ. ಎರಡೂ ಹುಳಿ ಬಂದಿವೆ, ಎರಡರಲ್ಲೂ ಕೆಲಸ ಮಾಡಿದ್ದು ಬ್ಯಾಕ್ಟೀರಿಯಾ. ಹಾಗಿದ್ದರೆ ಒಂದು ಉಬ್ಬಿತು, ಇನ್ನೊಂದು ಯಾಕೆ ಉಬ್ಬಲಿಲ್ಲ?

ಉತ್ತರ ಹೀಗಿದೆ. ಮೊಸರಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹೆಚ್ಚುಕಮ್ಮಿ ಪೂರ್ತಿಯಾಗಿ ಲ್ಯಾಕ್ಟಿಕ್ ಆಮ್ಲ ಮಾಡುತ್ತೆ. ಅನಿಲ ಹೊರಬರಲ್ಲ. ಇಡ್ಲಿ ಹಿಟ್ಟಿನಲ್ಲಿರೋದು ಇನ್ನೊಂದು ಜಾತಿ, ಹೆಸರು ಲ್ಯೂಕೊನೊಸ್ಟಾಕ್. ಅದು ಸಕ್ಕರೆಯಿಂದ ಆಮ್ಲದ ಜೊತೆ ಸ್ವಲ್ಪ ಆಲ್ಕೋಹಾಲ್, ಸ್ವಲ್ಪ ಇಂಗಾಲದ ಡೈಆಕ್ಸೈಡ್ ಕೂಡ ಮಾಡುತ್ತೆ. ಹಿಟ್ಟನ್ನು ಉಬ್ಬಿಸೋದು ಆ ಅನಿಲ. ಬೇಸಿಗೆಯಲ್ಲಿ ಹಿಟ್ಟು ಬೇಗ ಉಬ್ಬುತ್ತೆ, ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ನೋಡಿದರೂ ತಣ್ಣಗೆ ಕೂತಿರುತ್ತೆ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಇವತ್ತಿನ ಇಡೀ ಸಂಚಿಕೆ ಇಷ್ಟರಲ್ಲೇ ಇದೆ. ಹುದುಗುವಾಗ ಅನಿಲ ಬರಬಹುದು, ಬರದೇ ಇರಬಹುದು. ಅದು ಯಾವ ಸೂಕ್ಷ್ಮಾಣು ಗೆದ್ದಿದೆ ಅನ್ನೋದರ ಮೇಲೆ ನಿಂತಿದೆ. ಯಾವುದು ಗೆಲ್ಲುತ್ತೆ, ಎಷ್ಟು ವೇಗವಾಗಿ ಗೆಲ್ಲುತ್ತೆ ಅನ್ನೋದರಲ್ಲಿ ಉಷ್ಣಾಂಶದ್ದು ದೊಡ್ಡ ಪಾತ್ರ. ಪಾತ್ರೆಯ ಜಾಗದಲ್ಲಿ ಐದು ಟನ್ ಮೇವು ತುಂಬಿದ ಗುಂಡಿ ಇಟ್ಟುಕೊಳ್ಳಿ. ಅದೇ ಸೈಲೇಜ್, ಕನ್ನಡದಲ್ಲಿ ರಸಮೇವು.

ರಸಮೇವು ಅಂದ್ರೆ ಏನು?

ಊರಲ್ಲಿ ಹಸು ಇರೋರಿಗೆ ಇದು ಗೊತ್ತು, ಸಿಟಿಯವರಿಗಾಗಿ ಹೇಳ್ತೀನಿ. ಮಳೆಗಾಲದಲ್ಲಿ ಹಸಿ ಮೇವು ಬೇಕಾದಷ್ಟು ಇರುತ್ತೆ. ಮಾರ್ಚ್ ಬಂದರೆ ಇರಲ್ಲ. ಒಣ ಹುಲ್ಲು, ಜೋಳದ ಸೊಪ್ಪೆ ಕೊಟ್ಟರೆ ಹಸುವಿನ ಹೊಟ್ಟೆ ತುಂಬುತ್ತೆ, ಹಾಲು ಇಳಿಯುತ್ತೆ. ಅದಕ್ಕೆ ಮುಸುಕಿನ ಜೋಳವನ್ನು ತೆನೆ ಸಮೇತ, ಕಾಳಿನಲ್ಲಿ ಹಾಲು ಗಟ್ಟಿಯಾಗುವ ಹೊತ್ತಿಗೆ ಕೊಯ್ದು, ಸಣ್ಣಗೆ ಕತ್ತರಿಸಿ, ಗುಂಡಿಗೋ ಚೀಲಕ್ಕೋ ತುಂಬಿ, ತುಳಿದು ಗಾಳಿ ಹೊರಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಮುಚ್ಚುತ್ತಾರೆ. ಸುಮಾರು 45 ದಿನ ಬಿಟ್ಟು ತೆಗೆದರೆ ಹುಳಿ ವಾಸನೆಯ, ಹಳದಿ ಮಿಶ್ರಿತ ಹಸಿರು ಬಣ್ಣದ ಮೇವು ಸಿಗುತ್ತೆ. ಮೇವಿನ ಉಪ್ಪಿನಕಾಯಿ ಅಂದುಕೊಳ್ಳಿ. ಚೆನ್ನಾಗಿ ಮುಚ್ಚಿದ್ದರೆ ತಿಂಗಳುಗಟ್ಟಲೆ ಕೆಡಲ್ಲ.

ಕೆಡದೆ ಇರೋದಕ್ಕೆ ಕಾರಣ ಆಮ್ಲ. ಒಳಗಿನ ಬ್ಯಾಕ್ಟೀರಿಯಾ ಗಿಡದ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತೆ. ಪಿಎಚ್ ಸುಮಾರು 4ರ ಹತ್ತಿರ ಬರುತ್ತೆ. ಅಷ್ಟು ಹುಳಿಯಲ್ಲಿ, ಗಾಳಿ ಇಲ್ಲದ ಕಡೆ, ಕೊಳೆಸುವ ಜೀವಿಗಳು ಬದುಕೋದು ಕಷ್ಟ.

2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅಂಥ ವರ್ಷದಲ್ಲಿ ಮೇವು ಉಳಿಸಿಟ್ಟವರು ಹಸು ಉಳಿಸಿಕೊಳ್ತಾರೆ, ಇಲ್ಲದವರು ಸಂತೆಗೆ ಹೊಡೀತಾರೆ. ಹಾಗಾಗಿ ಗುಂಡಿಯೊಳಗೆ ಏನು ನಡೀತಿದೆ ಅನ್ನೋದು ಮನೆಯ ಆದಾಯದ ಪ್ರಶ್ನೆ. ಗಾಳಿಗೆ ಹೋಗುವ ಅನಿಲಕ್ಕೂ ಈ ಆದಾಯಕ್ಕೂ ನೇರ ಸಂಬಂಧ ಇದೆ. ಅದನ್ನೇ ಈಗ ಬಿಡಿಸಿ ನೋಡೋಣ.

ನಾಲ್ಕು ಜನ ಗಿರಾಕಿ, ಒಂದು ಸಕ್ಕರೆ

ನಾನು ಓದಿದ್ದು ಬಿ.ಕಾಂ. ರಸಾಯನಶಾಸ್ತ್ರವನ್ನೂ ಲೆಕ್ಕದ ಪುಸ್ತಕದ ಥರಾನೇ ನೋಡ್ತೀನಿ. ಗುಂಡಿಯಲ್ಲಿರುವ ಸಕ್ಕರೆ ನಮ್ಮ ಸರಕು. ಅದಕ್ಕೆ ಮುಖ್ಯವಾಗಿ ನಾಲ್ಕು ಜನ ಗಿರಾಕಿಗಳು. 100 ಗ್ರಾಂ ಸಕ್ಕರೆ ತಿಂದರೆ ಯಾರು ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡ್ತಾರೆ ಅಂತ ನೋಡಿ. ಇದು ಸಮೀಕರಣದಿಂದ ನೇರವಾಗಿ ಬರೋ ಲೆಕ್ಕ.

ಮೊದಲನೆಯವರು ಮೊಸರಿನ ಥರದ ಬ್ಯಾಕ್ಟೀರಿಯಾ. ಸಕ್ಕರೆ ಪೂರ್ತಿ ಆಮ್ಲ. ಅನಿಲ ಸೊನ್ನೆ.

ಎರಡನೆಯವರು ಇಡ್ಲಿ ಹಿಟ್ಟಿನ ಥರದವರು. ಆಮ್ಲ, ಆಲ್ಕೋಹಾಲ್, ಜೊತೆಗೆ ಸುಮಾರು 24 ಗ್ರಾಂ ಇಂಗಾಲದ ಡೈಆಕ್ಸೈಡ್.

ಮೂರನೆಯವರು ಯೀಸ್ಟ್, ಗಾಳಿ ಇಲ್ಲದಾಗ. ಸಕ್ಕರೆ ಆಲ್ಕೋಹಾಲ್ ಆಗುತ್ತೆ, ಸುಮಾರು 49 ಗ್ರಾಂ ಅನಿಲ ಹೋಗುತ್ತೆ. ಇದೇ ಸಾಲಿನಲ್ಲಿ ಕ್ಲಾಸ್ಟ್ರಿಡಿಯಾ ಅನ್ನೋ ಇನ್ನೊಂದು ಗುಂಪೂ ಇದೆ. ಅದು ಆಗಲೇ ತಯಾರಾದ ಲ್ಯಾಕ್ಟಿಕ್ ಆಮ್ಲವನ್ನು ತಿಂದು ಬ್ಯುಟಿರಿಕ್ ಆಮ್ಲ ಮಾಡುತ್ತೆ. 100 ಗ್ರಾಂಗೆ ಅದೂ ಸುಮಾರು 49 ಗ್ರಾಂ ಅನಿಲ ಬಿಡುತ್ತೆ, ಮೇಲೆ ಹುಳಿಯನ್ನೂ ಕಡಿಮೆ ಮಾಡುತ್ತೆ. ಕೆಟ್ಟ ರಸಮೇವಿನ ಆ ಗಬ್ಬು ವಾಸನೆ ಇದರದ್ದೇ.

ನಾಲ್ಕನೆಯವರು ಆಮ್ಲಜನಕ ಸಿಕ್ಕಾಗ ಉಸಿರಾಡೋರು. ಇದರಲ್ಲಿ ಕತ್ತರಿಸಿದ ಗಿಡದ ಜೀವಂತ ಕೋಶಗಳೂ ಇವೆ, ಯೀಸ್ಟು, ಬೂಸ್ಟು ಎಲ್ಲವೂ ಇವೆ. ಇಲ್ಲಿ ಸಕ್ಕರೆ ಪೂರ್ತಿ ಉರಿದು ಹೋಗುತ್ತೆ. 100 ಗ್ರಾಂಗೆ ಸುಮಾರು 147 ಗ್ರಾಂ ಇಂಗಾಲದ ಡೈಆಕ್ಸೈಡ್. ತಿಂದಿದ್ದು 100, ಬಿಟ್ಟಿದ್ದು 147 ಹೇಗೆ ಅಂದ್ರೆ, ಗಾಳಿಯ ಆಮ್ಲಜನಕದ ತೂಕವೂ ಅದಕ್ಕೆ ಸೇರುತ್ತೆ. ಇದರ ಜೊತೆ ತುಂಬಾ ಬಿಸಿ ಹುಟ್ಟುತ್ತೆ. ಹಸಿ ಹುಲ್ಲಿನ ಬಣವೆ ಒಟ್ಟಿದರೆ ಒಳಗೆ ಕೈ ಇಡೋಕೆ ಆಗದಷ್ಟು ಕಾಯುತ್ತಲ್ಲ, ಅದೇ ಈ ಉಸಿರಾಟ.

ಸೊನ್ನೆ, 24, 49, 147. ಈ ನಾಲ್ಕು ಸಂಖ್ಯೆ ನೆನಪಿಟ್ಟುಕೊಳ್ಳಿ. ಒಳ್ಳೆ ರಸಮೇವು ಮಾಡೋದು ಅಂದ್ರೆ ಸರಕನ್ನೆಲ್ಲ ಮೊದಲನೇ ಗಿರಾಕಿಗೆ ಬೇಗ ಮಾರಿ, ಉಳಿದವರು ಬರೋ ಹೊತ್ತಿಗೆ ಅಂಗಡಿ ಬಾಗಿಲು ಹಾಕೋದು.

ಉಷ್ಣಾಂಶ ಎಲ್ಲಿ ಬರುತ್ತೆ?

ಸೂಕ್ಷ್ಮಾಣುಗಳ ಕೆಲಸ ಸಾಮಾನ್ಯವಾಗಿ ಉಷ್ಣಾಂಶ 10 ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು ವೇಗ ಆಗುತ್ತೆ, ಅವುಗಳ ಮಿತಿ ದಾಟೋವರೆಗೆ. ಆದರೆ ಮಿತಿ ಎಲ್ಲರಿಗೂ ಒಂದೇ ಅಲ್ಲ. ನಮಗೆ ಬೇಕಾದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು 20ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಕ್ಲಾಸ್ಟ್ರಿಡಿಯಾಗೆ 37ರ ಆಸುಪಾಸು ಇಷ್ಟ.

ಈಗ ನಮ್ಮ ಭೂಪಟ ನೋಡಿ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್–ಮೇ ಅಂದ್ರೆ 40 ಡಿಗ್ರಿ ದಾಟೋದು ಮಾಮೂಲು. ಮೇವಿನ ರಾಶಿಯಲ್ಲಿ ಹುದುಗುವಿಕೆಯಿಂದಲೇ ಇನ್ನೂ ಕೆಲವು ಡಿಗ್ರಿ ಸೇರುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಮೇವು ತುಂಬಿದರೆ ಆಟ ಶುರುವಾಗೋದೇ 40ರ ಹತ್ತಿರ. 40 ಡಿಗ್ರಿಯಲ್ಲಿ ಇಟ್ಟು ನೋಡಿದ ಪ್ರಯೋಗಗಳಲ್ಲಿ ಲ್ಯಾಕ್ಟಿಕ್ ಆಮ್ಲ ಕಡಿಮೆಯಾಗಿ, ಪಿಎಚ್ ಮೇಲೆಯೇ ಉಳಿದು, ಒಣ ಪದಾರ್ಥದ ನಷ್ಟ ಹೆಚ್ಚಿರೋದು ಕಂಡಿದೆ. ಅಂದ್ರೆ ಮೊದಲ ಗಿರಾಕಿ ಸುಸ್ತು, ಬೇರೆಯವರಿಗೆ ಬಾಗಿಲು ತೆರೆದಿದೆ.

ಹಾಗಾದ್ರೆ ತಂಪಾಗಿದ್ದಷ್ಟೂ ಒಳ್ಳೇದಾ? ಅದೂ ಪೂರ್ತಿ ಸರಿಯಲ್ಲ. ತುಂಬಾ ತಂಪಿದ್ದರೆ ಅನಿಲ ನಿಧಾನವಾಗಿ ಬರುತ್ತೆ ನಿಜ, ಆದರೆ ಹುಳಿಯೂ ನಿಧಾನವಾಗಿ ಬರುತ್ತೆ. ಹುಳಿ ಬರುವ ತನಕ ಬೇಡದವರಿಗೆ ಸಮಯ ಸಿಗುತ್ತೆ. ಚಳಿ ದೇಶಗಳಲ್ಲಿ ಇದು ತಲೆನೋವು. ನಮ್ಮಲ್ಲಿ ಅಂಥ ಚಳಿ ಅಪರೂಪ, ಹಾಗಾಗಿ ನಮ್ಮ ತಲೆನೋವು ಬಿಸಿಯದ್ದೇ.

ಮೊದಲ ಮೂರು ದಿನ: ನೈಟ್ರಸ್ ಆಕ್ಸೈಡ್

ಹಸಿರುಮನೆ ಅನಿಲ ಅಂದ ತಕ್ಷಣ ಇಂಗಾಲದ ಡೈಆಕ್ಸೈಡ್ ನೆನಪಾಗುತ್ತೆ. ಗುಂಡಿಯಿಂದ ಬರೋ ಇನ್ನೊಂದು ಅನಿಲ ತುಂಬಾ ಕಡಿಮೆ ಪ್ರಮಾಣದ್ದು, ಆದರೆ ತುಂಬಾ ಭಾರಿ. ಹೆಸರು ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಇದರ ಒಂದು ಕೆ.ಜಿ. 273 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಇದು ಹವಾಮಾನದ ಅಂತರಸರ್ಕಾರಿ ಸಮಿತಿ ಐಪಿಸಿಸಿಯ ಆರನೇ ವರದಿಯ ಅಂಕಿ. 10 ಗ್ರಾಂ ನೈಟ್ರಸ್ ಆಕ್ಸೈಡ್ ಸೋರಿದರೆ 2.73 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ.

ಇದು ಎಲ್ಲಿಂದ ಬರುತ್ತೆ? ಗಿಡ ಮಣ್ಣಿನಿಂದ ನೈಟ್ರೇಟ್ ಹೀರಿಕೊಂಡಿರುತ್ತೆ. ಗುಂಡಿ ಮುಚ್ಚಿದ ಮೊದಲ ದಿನಗಳಲ್ಲಿ, ಇನ್ನೂ ಹುಳಿ ಬಾರದಿದ್ದಾಗ, ಎಂಟರೋಬ್ಯಾಕ್ಟೀರಿಯಾ ಅನ್ನೋ ಗುಂಪು ಈ ನೈಟ್ರೇಟನ್ನು ಒಡೆಯುತ್ತೆ. ಮೊದಲು ನೈಟ್ರೈಟ್, ಆಮೇಲೆ ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್, ಅಮೋನಿಯಾ. ಪಿಎಚ್ ಸುಮಾರು 4.5ಕ್ಕಿಂತ ಕೆಳಗೆ ಇಳಿದರೆ ಈ ಗುಂಪಿನ ಆಟ ಮುಗೀತು. ಆದ್ದರಿಂದ ಇದು ಓಟದ ಪಂದ್ಯ. ಎಷ್ಟು ಬೇಗ ಹುಳಿ ಬಂತೋ ಅಷ್ಟು ಕಡಿಮೆ ನೈಟ್ರಸ್ ಆಕ್ಸೈಡ್. ಅತಿ ಬಿಸಿಯಲ್ಲೋ ಅತಿ ಚಳಿಯಲ್ಲೋ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಿಂದೆ ಬಿದ್ದರೆ ಪಂದ್ಯ ಉದ್ದ ಆಗುತ್ತೆ.

ಇನ್ನೊಂದು ವಿಷಯ, ಬರ. ನೀರಿಲ್ಲದೆ ಗಿಡದ ಬೆಳವಣಿಗೆ ನಿಂತಾಗ ಹೀರಿಕೊಂಡ ನೈಟ್ರೇಟ್ ಪ್ರೋಟೀನ್ ಆಗದೆ ದಂಟಿನಲ್ಲೇ, ಅದರಲ್ಲೂ ಬುಡದ ಕಡೆ ಉಳಿಯುತ್ತೆ. ಬರಗಾಲದ ಮುಸುಕಿನ ಜೋಳವನ್ನು ‘ಹೇಗೂ ಕಾಳು ಕಟ್ಟಲ್ಲ, ಮೇವಾದರೂ ಆಗಲಿ’ ಅಂತ ಕೊಯ್ದು ಬಿಸಿಲಲ್ಲೇ ತುಂಬೋದು ನಮ್ಮಲ್ಲಿ ಸಹಜ. ನೈಟ್ರೇಟ್ ಜಾಸ್ತಿ, ಬಿಸಿ ಜಾಸ್ತಿ. ಎರಡೂ ಒಂದೇ ಗುಂಡಿಗೆ ಬಂತು.

ಹಾಗಾದ್ರೆ ಮೀಥೇನ್? ಗುಂಡಿಯಿಂದ ಅದು ಬರೋದು ಬಹಳ ಕಡಿಮೆ. ಮೀಥೇನ್ ಮಾಡುವ ಜೀವಿಗಳು ನಿಧಾನಿಗಳು, ಹುಳಿ ಕಂಡರೆ ಆಗಲ್ಲ. ಅವುಗಳ ಮನೆ ಬೇರೆ ಕಡೆ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಬಾಗಿಲು ತೆರೆದ ಮೇಲೆ ನಿಜವಾದ ನಷ್ಟ

ಗುಂಡಿ ಮುಚ್ಚಿದ್ದಾಗ ಆಗೋದಕ್ಕಿಂತ ತೆರೆದ ಮೇಲೆ ಆಗೋದು ಹಲವು ಕಡೆ ದೊಡ್ಡದು. ಉಪ್ಪಿನಕಾಯಿ ಭರಣಿ ತೆರೆದು ಒದ್ದೆ ಚಮಚ ಹಾಕಿದ ಹಾಗೆ. ಇಲ್ಲಿ ಒಳಗೆ ಹೋಗೋದು ಆಮ್ಲಜನಕ. ನಿದ್ದೆಯಲ್ಲಿದ್ದ ಯೀಸ್ಟ್ ಎದ್ದು ಲ್ಯಾಕ್ಟಿಕ್ ಆಮ್ಲವನ್ನೇ ತಿನ್ನೋಕೆ ಶುರು ಮಾಡುತ್ತೆ. ಹುಳಿ ಇಳಿಯುತ್ತೆ, ಬಿಸಿ ಏರುತ್ತೆ. ಹುಳಿ ಇಳಿದ ಮೇಲೆ ಬೂಸ್ಟು ಬರುತ್ತೆ. ಬಿಸಿ ಏರಿದ್ದಕ್ಕೆ ಎಲ್ಲರ ವೇಗವೂ ಹೆಚ್ಚುತ್ತೆ, ಅದರಿಂದ ಮತ್ತೆ ಬಿಸಿ. ಚಕ್ರಬಡ್ಡಿ ಅಂದ್ರೆ ಇದೇ.

ಇಲ್ಲಿ ನಡೀತಿರೋದು ಆ ನಾಲ್ಕನೇ ಗಿರಾಕಿಯ ವ್ಯಾಪಾರ, 147 ಗ್ರಾಂನದು. ಹೊರಗೆ 22 ಡಿಗ್ರಿ ಇರುವ ಡಿಸೆಂಬರಿನಲ್ಲಿ ಕೆಲವು ದಿನ ತಡೆದುಕೊಳ್ಳೋ ಮೇವು ಏಪ್ರಿಲಿನ 38ರಲ್ಲಿ ಅಷ್ಟು ತಡೆಯಲ್ಲ. ತಜ್ಞರು ಇಟ್ಟುಕೊಂಡಿರೋ ಅಳತೆ ಸರಳ: ತೆರೆದ ರಸಮೇವು ಸುತ್ತಲಿನ ಗಾಳಿಗಿಂತ 2 ಡಿಗ್ರಿ ಹೆಚ್ಚು ಬಿಸಿಯಾಯಿತು ಅಂದ್ರೆ ಅದು ಕೆಡೋಕೆ ಶುರುವಾಗಿದೆ.

ಈ ಬಿಸಿಯನ್ನು ಸಕ್ಕರೆಯ ಲೆಕ್ಕಕ್ಕೆ ಇಳಿಸಬಹುದು. ಒಂದು ಟನ್ ಒದ್ದೆ ಮೇವನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 34 ಮೆಗಾಜೂಲ್ ಶಕ್ತಿ ಬೇಕು. ಒಂದು ಕೆ.ಜಿ. ಸಕ್ಕರೆ ಪೂರ್ತಿ ಉರಿದರೆ ಸಿಗೋದು ಸುಮಾರು 15.6 ಮೆಗಾಜೂಲ್. ಅಂದ್ರೆ ಕನಿಷ್ಠ 2.2 ಕೆ.ಜಿ. ಒಳ್ಳೆ ಆಹಾರ ಉರಿದಿದೆ, ಸುಮಾರು 3.2 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿದೆ. ಬಿಸಿ ಹೊರಗೆ ಸೋರುತ್ತಲೇ ಇರುತ್ತೆ, ಹಾಗಾಗಿ ನಿಜವಾದ ನಷ್ಟ ಇದಕ್ಕಿಂತ ಜಾಸ್ತಿ. ದಿನಾ ಬಿಸಿಯಾಗಿಯೇ ಇರುವ ಗುಂಡಿ ದಿನಾ ಉರೀತಿದೆ ಅಂತಲೇ ಅರ್ಥ. ಉರಿದು ಹೋಗೋದು ನಾರಲ್ಲ, ಹಸುವಿಗೆ ಹಾಲು ಕೊಡಿಸೋ ಅತ್ಯುತ್ತಮ ಭಾಗ.

ಇನ್ನೊಂದು ಸಣ್ಣ ಮಾತು. ತೆರೆದ ರಸಮೇವಿನಿಂದ ಆಲ್ಕೋಹಾಲ್‌ನಂಥ ಆವಿಗಳೂ ಹೋಗುತ್ತವೆ, ಬಿಸಿ ಹೆಚ್ಚಿದಷ್ಟೂ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯಲ್ಲಿ ದೊಡ್ಡ ದೊಡ್ಡ ಡೈರಿಗಳಿವೆ. ಅಲ್ಲಿನ ನೆಲಮಟ್ಟದ ಓಝೋನ್ ಮಾಲಿನ್ಯದ ಬಗ್ಗೆ ಅಧ್ಯಯನ ಮಾಡಿದವರು ಸೈಲೇಜ್ ರಾಶಿಗಳತ್ತಲೂ ಬೊಟ್ಟು ಮಾಡಿದ್ದಾರೆ. ನೆಲಮಟ್ಟದ ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ಅದೂ ಭೂಮಿಯನ್ನು ಬಿಸಿ ಮಾಡುವ ಅನಿಲವೇ.

‘ಆ ಅನಿಲ ಗಿಡದಿಂದಲೇ ಬಂದಿದ್ದಲ್ವಾ?’

ಇಲ್ಲಿ ಬುದ್ಧಿವಂತರು ಒಂದು ಪ್ರಶ್ನೆ ಕೇಳ್ತಾರೆ, ಕೇಳಲೇಬೇಕು. ಮುಸುಕಿನ ಜೋಳ ಮೂರು ತಿಂಗಳ ಹಿಂದೆ ಗಾಳಿಯಿಂದ ತಗೊಂಡ ಇಂಗಾಲವೇ ಈಗ ವಾಪಸ್ ಗಾಳಿಗೆ ಹೋಗ್ತಿದೆ. ಇದರಲ್ಲಿ ಹೊಸದೇನು?

ಸರಿಯಾದ ಮಾತು. ಕಾಮರ್ಸ್ ಭಾಷೆಯಲ್ಲಿ ಇದು ಕಾಂಟ್ರಾ ಎಂಟ್ರಿ, ಈ ಜೇಬಿನಿಂದ ಆ ಜೇಬಿಗೆ. ಕಲ್ಲಿದ್ದಲು ಸುಟ್ಟಾಗ ಬರೋ ಇಂಗಾಲದ ಹಾಗಲ್ಲ ಇದು. ಆದ್ದರಿಂದ ಹವಾಮಾನದ ಲೆಕ್ಕದಲ್ಲಿ ಗುಂಡಿಯ ಇಂಗಾಲದ ಡೈಆಕ್ಸೈಡನ್ನು ಸಾಮಾನ್ಯವಾಗಿ ಹೊಸ ಹೊರಸೂಸುವಿಕೆ ಅಂತ ಎಣಿಸಲ್ಲ. ನೈಟ್ರಸ್ ಆಕ್ಸೈಡನ್ನು ಎಣಿಸಬೇಕು, ಯಾಕಂದ್ರೆ ಗಿಡ ಅದನ್ನು ಗಾಳಿಯಿಂದ ತಗೊಂಡಿರಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. ಉರಿದು ಹೋದ ಮೇವಿನ ಜಾಗಕ್ಕೆ ಬೇರೆ ಮೇವು ಬರಬೇಕು. ಅದಕ್ಕೆ ಮತ್ತೆ ಉಳುಮೆ, ಡೀಸೆಲ್, ಬೋರ್‌ವೆಲ್ ಕರೆಂಟು, ಯೂರಿಯಾ. ಯೂರಿಯಾ ತಯಾರಿಸೋಕೆ ನೈಸರ್ಗಿಕ ಅನಿಲ ಬೇಕು, ಹೊಲಕ್ಕೆ ಹಾಕಿದ ಮೇಲೆ ಅದರಲ್ಲಿ ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗುತ್ತೆ. ಇವೆಲ್ಲ ಅಸಲಿ ಖರ್ಚು.

ಉದಾಹರಣೆಗೆ ಒಂದು ಮನೆ ಇಟ್ಟುಕೊಳ್ಳೋಣ. ಮೂರು ಹಸು, ಒಂದಕ್ಕೆ ದಿನಕ್ಕೆ 15 ಕೆ.ಜಿ. ರಸಮೇವು, ಒಟ್ಟು 45 ಕೆ.ಜಿ. ಗುಂಡಿಗೆ 5 ಟನ್ ತುಂಬಿದ್ದಾರೆ. ಚೆನ್ನಾಗಿ ಮಾಡಿದ ಗುಂಡಿಯಲ್ಲೂ ಸುಮಾರು 10 ಪರ್ಸೆಂಟ್ ನಷ್ಟ ಇದ್ದೇ ಇರುತ್ತೆ. ಉಳಿದ 4.5 ಟನ್ 100 ದಿನ ಬರುತ್ತೆ. ಸಡಿಲವಾಗಿ ತುಂಬಿ, ಬಿಸಿಲಿಗೆ ಬಿಟ್ಟು, ನಷ್ಟ 20 ಪರ್ಸೆಂಟ್ ಆಯ್ತು ಅಂದ್ರೆ 4 ಟನ್ ಉಳೀತು, 89 ದಿನಕ್ಕೇ ಖಾಲಿ. ಕೆ.ಜಿ.ಗೆ 8 ರೂಪಾಯಿ ಅಂತ ಹಿಡಿದರೂ ಆ ಅರ್ಧ ಟನ್ನಿಗೆ 4,000 ರೂಪಾಯಿ. ಅದೂ ಮೇವು ಸಿಗದ ತಿಂಗಳಲ್ಲಿ 11 ದಿನ ಮೊದಲೇ ಗುಂಡಿ ಬರಿದಾಗೋದು. ಮಳೆಗೆ ಕಾಯೋ ಮನೆಗೆ 11 ದಿನ ದೊಡ್ಡ ಅವಧಿ.

ಎರಡನೇ ಗುಂಡಿ: ಹಸುವಿನ ಹೊಟ್ಟೆ

ಮೀಥೇನ್ ಮಾಡೋ ಜೀವಿಗಳ ಮನೆ ಬೇರೆ ಕಡೆ ಅಂದಿದ್ದೆನಲ್ಲ, ಆ ಮನೆ ಇದೇ. ಮೇವು ಎರಡು ಸಲ ಹುದುಗುತ್ತೆ. ಒಮ್ಮೆ ಗುಂಡಿಯಲ್ಲಿ, ಇನ್ನೊಮ್ಮೆ ಹಸುವಿನ ಮೊದಲ ಹೊಟ್ಟೆಯಲ್ಲಿ. ಆ ಹೊಟ್ಟೆಗೆ ಬೇಸಿಗೆ, ಚಳಿಗಾಲ ಅನ್ನೋದಿಲ್ಲ. ವರ್ಷವಿಡೀ ಸುಮಾರು 39 ಡಿಗ್ರಿ. ಹುಳಿಯೂ ಅಷ್ಟಿಲ್ಲ, ಆಮ್ಲಜನಕವೂ ಇಲ್ಲ. ಮೀಥೇನ್ ಜೀವಿಗಳಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ದೊಡ್ಡ ಹಾಲಿನ ಹಸು ದಿನಕ್ಕೆ 250ರಿಂದ 500 ಲೀಟರ್ ಮೀಥೇನ್ ಬಿಡುತ್ತೆ, ಬಹುತೇಕ ತೇಗಿನ ಮೂಲಕ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳು, ಸುಮಾರು 11 ಕೋಟಿ ಎಮ್ಮೆಗಳು ಇವೆ. ನಮ್ಮ ಜಾನುವಾರು ಹೊರಸೂಸುವಿಕೆಯ ದೊಡ್ಡ ಪಾಲು ಇಲ್ಲಿದೆ, ಗುಂಡಿಯಲ್ಲಿ ಅಲ್ಲ.

ಹಾಗಾದ್ರೆ ಗುಂಡಿಯ ಬಿಸಿ ಬಗ್ಗೆ ಯಾಕಿಷ್ಟು ಮಾತು? ಯಾಕಂದ್ರೆ ಎರಡಕ್ಕೂ ಕೊಂಡಿ ಇದೆ. ಹಸು ಬದುಕೋಕೆ ಬೇಕಾದ ಮೇವಿನಿಂದ ಬರೋ ಮೀಥೇನ್ ಅಂಗಡಿ ಬಾಡಿಗೆ ಇದ್ದ ಹಾಗೆ. ವ್ಯಾಪಾರ ಆಗಲಿ ಬಿಡಲಿ, ಕೊಡಲೇಬೇಕು. ಅದರ ಮೇಲೆ 12 ಲೀಟರ್ ಹಾಲು ಕೊಟ್ಟರೆ ಬಾಡಿಗೆ 12 ಲೀಟರಿಗೆ ಹಂಚಿಹೋಗುತ್ತೆ, 8 ಲೀಟರ್ ಕೊಟ್ಟರೆ 8ಕ್ಕೆ ಮಾತ್ರ. ಬಿಸಿಯಾಗಿ ಕೆಟ್ಟ ಮೇವಲ್ಲಿ ಸಕ್ಕರೆ, ಪಿಷ್ಟ ಹೋಗಿ ನಾರು ಉಳಿದಿರುತ್ತೆ, ಹಸು ತಿನ್ನೋದೂ ಕಡಿಮೆ. ಲೀಟರ್ ಹಾಲಿಗೆ ಬರೋ ಮೀಥೇನ್ ಜಾಸ್ತಿ, ರೈತನ ಕೈಗೆ ಬರೋ ದುಡ್ಡು ಕಡಿಮೆ.

ಈ ಭಾಗ ಸ್ಕಿಪ್ ಮಾಡಬೇಡಿ: ಜೀವಕ್ಕೆ ಅಪಾಯ

ಇಲ್ಲೀವರೆಗೆ ದುಡ್ಡು, ಹವಾಮಾನ. ಈಗ ಜೀವದ ಮಾತು. ನೈಟ್ರೇಟ್ ಒಡೆದಾಗ ನೈಟ್ರಿಕ್ ಆಕ್ಸೈಡ್ ಬರುತ್ತೆ ಅಂದೆ. ಅದು ಗಾಳಿ ತಾಗಿದ ಕೂಡಲೇ ನೈಟ್ರೋಜನ್ ಡೈಆಕ್ಸೈಡ್ ಆಗುತ್ತೆ. ಹಳದಿ ಮಿಶ್ರಿತ ಕಂದು ಬಣ್ಣ, ಬ್ಲೀಚಿಂಗ್ ಪೌಡರ್ ಥರದ ಘಾಟು. ಗಾಳಿಗಿಂತ ಭಾರ, ಹಾಗಾಗಿ ಗುಂಡಿಯ ತಳದಲ್ಲೇ ಕೂರುತ್ತೆ. ಶ್ವಾಸಕೋಶದ ಒಳಗೆ ತೇವಕ್ಕೆ ಸೇರಿ ಆಮ್ಲ ಆಗುತ್ತೆ. ಒಳಗೆ ಹೋದವರಿಗೆ ಆ ಕ್ಷಣದಲ್ಲಿ ಸ್ವಲ್ಪ ಕೆಮ್ಮು ಬಂದು, ಗಂಟೆಗಳ ನಂತರ ಉಸಿರಾಟ ಕೆಡಬಹುದು. ಇದರ ಜೊತೆ ಇಂಗಾಲದ ಡೈಆಕ್ಸೈಡ್ ಕೂಡ ತಳದಲ್ಲಿ ಸೇರಿ ಆಮ್ಲಜನಕವನ್ನು ಹೊರಗೆ ತಳ್ಳುತ್ತೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅಪಾಯ ಹೆಚ್ಚಿರೋದು ತುಂಬಿದ ಮೊದಲ ಮೂರು ವಾರ. ಬಿಸಿ ಹೆಚ್ಚಿದ್ದರೆ ಅನಿಲ ಬೇಗ, ಒಟ್ಟಿಗೆ ಬರುತ್ತೆ. ಅದಕ್ಕೇ ಕೆಲವು ಮಾತು ಮನೆಯವರಿಗೆಲ್ಲ ಗೊತ್ತಿರಲಿ. ಅರ್ಧ ತುಂಬಿ ರಾತ್ರಿ ಬಿಟ್ಟ ಆಳದ ಗುಂಡಿಗೆ ಬೆಳಿಗ್ಗೆ ತುಳಿಯೋಕೆ ಅಂತ ನೇರ ಇಳಿಯಬೇಡಿ. ಮಕ್ಕಳು, ಕರುಗಳು ಅಂಚಿಗೆ ಹೋಗದ ಹಾಗೆ ನೋಡಿಕೊಳ್ಳಿ. ಕಂದು ಹೊಗೆ ಕಂಡರೆ ಗಾಳಿ ಬೀಸೋ ಕಡೆಯಿಂದ ದೂರ ಸರೀರಿ. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ, 112ಕ್ಕೆ ಕರೆ ಮಾಡಿ. ಇಂಥ ಇಕ್ಕಟ್ಟಾದ ಜಾಗದ ಅವಘಡಗಳಲ್ಲಿ ಉಳಿಸೋಕೆ ಹೋದವರೇ ಸಾಯೋದು ಮತ್ತೆ ಮತ್ತೆ ಆಗಿದೆ. ಘಾಟು ಕುಡಿದವರು ‘ಈಗ ಸರಿಹೋಯ್ತು’ ಅಂದರೂ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ, ಮೇವಿನ ಗುಂಡಿಯ ಗಾಳಿ ಕುಡಿದಿದ್ದಾರೆ ಅಂತ ಸ್ಪಷ್ಟವಾಗಿ ಹೇಳಿ.

ಏನು ಮಾಡಬಹುದು?

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಒಂದೊಂದಾಗಿ ಹೇಳ್ತೀನಿ.

ಒಂದು, ಹೊತ್ತು. ಬೆಳಿಗ್ಗೆ ಬೇಗ ಅಥವಾ ಸಂಜೆ ಕೊಯ್ದು ತುಂಬಿ. ಮೇವು ಕೆಲವು ಡಿಗ್ರಿ ತಂಪಾಗಿ ಒಳಗೆ ಹೋಗೋದೇ ಲಾಭ. ಕತ್ತರಿಸಿದ ಮೇವನ್ನು ಟ್ರಾಲಿಯಲ್ಲಿ ಗಂಟೆಗಟ್ಟಲೆ ರಾಶಿ ಬಿಟ್ಟರೆ ಅಲ್ಲೇ ಕಾಯೋಕೆ ಶುರುವಾಗುತ್ತೆ.

ಎರಡು, ತೇವ. ಮುಸುಕಿನ ಜೋಳದಲ್ಲಿ ಒಣ ಪದಾರ್ಥ 30ರಿಂದ 35 ಪರ್ಸೆಂಟ್ ಇರಬೇಕು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ. ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ, ಕ್ಲಾಸ್ಟ್ರಿಡಿಯಾಗೆ ಹಬ್ಬ. ಕೈ ಬಿಟ್ಟ ತಕ್ಷಣ ಉದುರಿದರೆ ತುಂಬಾ ಒಣಗಿದೆ, ಗಾಳಿ ಹೊರಗೆ ಹೋಗಲ್ಲ. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ.

ಮೂರು, ತುಳಿತ. ಸಣ್ಣಗೆ ಕತ್ತರಿಸಿ, ಪದರ ಪದರವಾಗಿ ಒತ್ತಿ. ಒಳಗೆ ಉಳಿದ ಗಾಳಿ ಅಂದ್ರೆ ನಾಲ್ಕನೇ ಗಿರಾಕಿಗೆ ಕೊಟ್ಟ ಉಚಿತ ಪಾಸ್. ಒಂದೇ ದಿನದಲ್ಲಿ, ತಪ್ಪಿದರೆ ಎರಡು ದಿನದಲ್ಲಿ ತುಂಬಿ ಮುಚ್ಚಿ.

ನಾಲ್ಕು, ನೆರಳು. ಕಪ್ಪು–ಬಿಳಿ ಹಾಳೆ ಇದ್ದರೆ ಬಿಳಿ ಮೈ ಹೊರಗಿರಲಿ, ಬಿಸಿಲು ವಾಪಸ್ ಹೋಗುತ್ತೆ. ಮೇಲೆ ಮಣ್ಣಿನ ಪದರ ಅಥವಾ ಹುಲ್ಲಿನ ಹೊದಿಕೆ ಹಾಕಿ. ಚೀಲದ ರಸಮೇವನ್ನು ತಗಡಿನ ಶೀಟಿನ ಕೆಳಗೆ ಒಟ್ಟಬೇಡಿ, ಮರದ ನೆರಳು ಮೇಲು. ಇಲಿ ಕಡಿದ ತೂತು, ಕಾಗೆ ಕುಕ್ಕಿದ ತೂತು ಕಂಡ ದಿನವೇ ಟೇಪ್ ಹಚ್ಚಿ.

ಐದು, ಅಳತೆ. ಗುಂಡಿಯ ಅಗಲ ಹಸುಗಳ ಸಂಖ್ಯೆಗೆ ತಕ್ಕಂತಿರಲಿ. ಬೇಸಿಗೆಯಲ್ಲಿ ತೆರೆದ ಮುಖದಿಂದ ದಿನಕ್ಕೆ ಕನಿಷ್ಠ ಅರ್ಧ ಅಡಿಯಾದರೂ ತೆಗೆಯುವಂತಿರಬೇಕು, ಆಗ ಬಿಸಿ ಒಳಗೆ ನುಗ್ಗೋ ಮೊದಲೇ ಮೇವು ಹಸುವಿನ ಮುಂದೆ ಇರುತ್ತೆ. ಎರಡು ಮೂರು ಹಸು ಇರೋರಿಗೆ ದೊಡ್ಡ ಗುಂಡಿಗಿಂತ ಸಣ್ಣ ಚೀಲಗಳೇ ವಾಸಿ. ಒಂದು ತೆರೆದು ಮುಗಿಸಿ, ಇನ್ನೊಂದು ತೆರೆಯಿರಿ.

ಆರು, ಹೆಪ್ಪು. ಮಾರುಕಟ್ಟೆಯಲ್ಲಿ ಬ್ಯಾಕ್ಟೀರಿಯಾ ಪುಡಿ ಸಿಗುತ್ತೆ. ಪ್ಲಾಂಟಾರಮ್ ಅನ್ನೋ ಜಾತಿ ಬೇಗ ಹುಳಿ ತರುತ್ತೆ, ಮೊದಲ ದಿನಗಳ ಪಂದ್ಯಕ್ಕೆ ಒಳ್ಳೇದು. ಬುಕ್ನೆರಿ ಅನ್ನೋದು ನಿಧಾನಕ್ಕೆ ಅಸಿಟಿಕ್ ಆಮ್ಲ ಮಾಡುತ್ತೆ, ಸ್ವಲ್ಪ ಅನಿಲವನ್ನೂ ಬಿಡುತ್ತೆ. ಆದರೆ ಆ ಆಮ್ಲ ಯೀಸ್ಟನ್ನು ತಡೆಯೋದರಿಂದ ತೆರೆದ ಮೇಲೆ ಮೇವು ಬೇಗ ಕಾಯಲ್ಲ. ಈಗ ಸ್ವಲ್ಪ ಕೊಟ್ಟು ಆಮೇಲಿನ ದೊಡ್ಡ ನಷ್ಟ ತಪ್ಪಿಸೋದು, ವಿಮಾ ಕಂತಿನ ಹಾಗೆ. ಬಿಸಿಲ ನಾಡಿನಲ್ಲಿ ಈ ಕಂತು ಹಲವು ಸಲ ಲಾಭವೇ. ಜೋಳದ ದಂಟು, ಹುಲ್ಲಿನಂಥ ಸಕ್ಕರೆ ಕಡಿಮೆ ಇರುವ ಮೇವಿಗೆ ಸ್ವಲ್ಪ ಬೆಲ್ಲದ ನೀರು ಕೂಡ ನೆರವಾಗುತ್ತೆ.

ಏಳು, ಬರದ ಬೆಳೆ. ಒಣಗಿದ ಹೊಲಕ್ಕೆ ಮಳೆ ಬಿದ್ದ ಮರುದಿನವೇ ಕೊಯ್ಯಬೇಡಿ, ಆಗ ನೈಟ್ರೇಟ್ ಇನ್ನೂ ಏರಿರುತ್ತೆ. ಸುಮಾರು ಒಂದು ವಾರ ತಡೀರಿ. ಕೊಯ್ಯುವಾಗ ಬುಡದ ಒಂದು ಅಡಿ ಹೊಲದಲ್ಲೇ ಬಿಡಿ.

ಕೊನೆಯದಾಗಿ ಒಂದು ಥರ್ಮಾಮೀಟರ್. ಉದ್ದ ಕಡ್ಡಿಯದ್ದು, ಕೆಲವು ನೂರು ರೂಪಾಯಿ. ತೆರೆದ ಮುಖದಲ್ಲಿ ಒಂದು ಗೇಣು ಒಳಗೆ ಚುಚ್ಚಿ, ಬೆಳಿಗ್ಗೆ ನೆರಳಿನ ಗಾಳಿಯ ಉಷ್ಣಾಂಶದ ಜೊತೆ ಹೋಲಿಸಿ ಫೋನಲ್ಲಿ ಬರೆದಿಡಿ. ಸಂಖ್ಯೆ ದಿನದಿಂದ ದಿನಕ್ಕೆ ಏರ್ತಿದ್ದರೆ ಗುಂಡಿ ಸೋರ್ತಿದೆ. ಹಾಳೆ ನೋಡಿ, ದಿನಕ್ಕೆ ತೆಗೆಯೋ ಪ್ರಮಾಣ ಹೆಚ್ಚಿಸಿ.

ಈ ಕೆಲಸ ನಿಮ್ಮಂಥ ಕೇಳುಗರಿಂದ ಆಗಬಹುದು. ಊರಲ್ಲಿ ಅಪ್ಪ ಅಮ್ಮ, ದೊಡ್ಡಪ್ಪ, ಅತ್ತೆ ಯಾರಾದರೂ ಹಸು ಸಾಕ್ತಿದ್ದರೆ, ಮುಂದಿನ ಸಲ ಹೋದಾಗ ರಸಮೇವಿನ ಒಳಗೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮೇಲಿನ ಪಟ್ಟಿಯಲ್ಲಿ ಎಲ್ಲಿ ಏನು ತಪ್ಪಿದೆ ಅಂತ ಅವರ ಜೊತೆ ಕೂತು ಹುಡುಕಿ. ಬೇರೇನೂ ನೆನಪಿರದಿದ್ದರೂ ಪರವಾಗಿಲ್ಲ, ಹೊಸದಾಗಿ ತುಂಬಿದ ಗುಂಡಿಗೆ ಮೂರು ವಾರ ಯಾರೂ ಇಳಿಯಬಾರದು ಅನ್ನೋ ಮಾತನ್ನು ಮಾತ್ರ ಇವತ್ತೇ ಫೋನ್ ಮಾಡಿ ಹೇಳಿಬಿಡಿ.

ಪ್ರಶ್ನೆಗಳಿದ್ದರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸ್ತೀನಿ. ಅದರಲ್ಲಿ ಸಗಣಿ ಗುಂಡಿ ಮತ್ತು ಗೋಬರ್ ಗ್ಯಾಸ್ ಬಗ್ಗೆ ಮಾತಾಡೋಣ. ಚಳಿಗಾಲದಲ್ಲಿ ಒಲೆಯ ಉರಿ ಯಾಕೆ ಸಣ್ಣಗಾಗುತ್ತೆ ಅನ್ನೋದಕ್ಕೂ ಇವತ್ತಿನ ಲೆಕ್ಕಕ್ಕೂ ನೆಂಟಸ್ತಿಕೆ ಇದೆ. ಅಲ್ಲೀವರೆಗೆ ನಮಸ್ಕಾರ.